ತಿರುಳಿನಲ್ಲಿ ಏನಿರಬೇಕು?

(ಆಕಾಶವಾಣಿಯ ಭಾಷಣ)



ಕನ್ನಡದಲ್ಲಿ ನಮಗೆ ದೊರೆತಿರುವ ಗ್ರಂಥಗಳಲ್ಲೆಲ್ಲ ಹಳೆಯದಾದ ‘ಕವಿರಾಜಮಾರ್ಗ’ ಸುಮಾರು ಕ್ರಿ. ಶ. 850ರ ಹೊತ್ತಿನದು. ಕಾವೇರಿಯಿಂದ ಗೋದಾವರಿಯವರೆಗೆ ಹರಡಿದ ಕನ್ನಡ ನಾಡನ್ನು ಹೇಳಿದ ಮೇಲೆ ಆ ಗ್ರಂಥ ಅಲ್ಲಿಗೇ ನಿಲ್ಲುವುದಿಲ್ಲ. ಆ ವಿಸ್ತಾರದ ಒಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಿನ ಭಾಗವನ್ನು ಬೇರೆಯಾಗಿ ಗುರುತಿಸಿ, ಅದನ್ನು ಕನ್ನಡದ ತಿರುಳೆಂದು ಕರೆಯುತ್ತದೆ. ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ ಮತ್ತು ಬೆಳಗಾವಿ ಸೀಮೆಯ ಒಕ್ಕುಂದ ಇವೇ ಆ ಊರುಗಳು. ನಮ್ಮ ಭಟ್ಕಳ, ಹೊನ್ನಾವರ, ಕುಮಟೆಗಳು ಆ ತಿರುಳಿಗೆ ಸೇರಿದವಲ್ಲ. ಘಟ್ಟದ ಕೆಳಗೆ, ಕಡಲಿಗೆ ಮುಖ ಮಾಡಿ ಕುಳಿತಿರುವ ಜಾಲಿಯಂತಹ ಊರಂತೂ ಅದರಿಂದ ಬಹುದೂರ. ಆದರೂ ನಾವು ಕನ್ನಡದಿಂದ ಹೊರಗುಳಿದವರಲ್ಲ. ಕನ್ನಡಗಳು ಹಲವಿವೆ ಎಂಬುದನ್ನು ಅದೇ ಗ್ರಂಥವೂ ಒಪ್ಪಿಕೊಂಡಿದೆ.

ತಿರುಳು ಎಂಬುದು ಯಾವುದಕ್ಕೆ? ಅದು ಎಷ್ಟು ದೊಡ್ಡದಾಗಿರಬೇಕು? ಅದರೊಳಗೆ ಏನಿರಬೇಕು, ಏನನ್ನು ಹೊರಗಿಡಬೇಕು? ಭಾಷೆಯ ವಿಷಯದಲ್ಲಿ ಸಾವಿರದ ನೂರು ವರ್ಷಗಳ ಹಿಂದೆ ಎದ್ದ ಈ ಪ್ರಶ್ನೆಯೇ, ಕಳೆದ ಐವತ್ತು ವರ್ಷಗಳಿಂದ ಗಣಕಯಂತ್ರಗಳನ್ನು ನಿರ್ಮಿಸುವವರನ್ನು ಎರಡು ಪಕ್ಷಗಳಾಗಿ ಒಡೆದಿದೆ. ನಾನು ಕನ್ನಡವನ್ನು ಕಲಿಸಿದವನೇ ಹೊರತು ಯಂತ್ರಶಾಸ್ತ್ರವನ್ನಲ್ಲ. ಆದರೆ ಈ ವಾದ ಯಂತ್ರಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಅಧಿಕಾರ ಎಲ್ಲಿರಬೇಕು, ನಂಬಿಕೆಯನ್ನು ಯಾರಲ್ಲಿ ಇಡಬೇಕು, ಕೊನೆಗೆ ನನ್ನ ಭಾಷೆಯ ಅಕ್ಷರಗಳಿಗೆ ಯಂತ್ರದೊಳಗೆ ಯಾವ ಸ್ಥಾನ ಎಂಬುದೆಲ್ಲ ಇದರಲ್ಲಿ ಅಡಗಿದೆ. ಆದುದರಿಂದಲೇ ಇಂದು ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಮೊದಲು ವಿಷಯವನ್ನು ಸರಳವಾಗಿ ಹೇಳುವೆ. ಗಣಕಯಂತ್ರದಲ್ಲಿ ಲೆಕ್ಕ ಮಾಡುವ ಒಂದು ಸಂಸ್ಕಾರಕ ಅಂಗವಿದೆ, ನೆನಪಿನ ಕೋಶಗಳಿವೆ, ಪರದೆ, ಕೀಲಿಮಣೆ, ಸಂಗ್ರಹದ ತಟ್ಟೆಗಳಿವೆ. ಏಕಕಾಲದಲ್ಲಿ ಹತ್ತಾರು ತಂತ್ರಾಂಶಗಳು ಇವನ್ನೆಲ್ಲ ಬಳಸಬೇಕು. ಪತ್ರ ಬರೆಯುವುದೊಂದು, ಹಾಡು ನುಡಿಸುವುದೊಂದು, ಬ್ಯಾಂಕಿನ ಲೆಕ್ಕ ತೋರಿಸುವುದೊಂದು. ಯಾರಿಗೆ ಎಷ್ಟು ಹೊತ್ತು, ಯಾರಿಗೆ ಎಷ್ಟು ಜಾಗ, ಒಬ್ಬರ ಜಾಗಕ್ಕೆ ಇನ್ನೊಬ್ಬರು ನುಗ್ಗದಂತೆ ಕಾಯುವವರು ಯಾರು ಎಂಬುದನ್ನು ತೀರ್ಮಾನಿಸುವ ತಂತ್ರಾಂಶಕ್ಕೆ ಆಪರೇಟಿಂಗ್ ಸಿಸ್ಟಮ್ ಎಂದು ಹೆಸರು. ಕನ್ನಡದಲ್ಲಿ ಕಾರ್ಯಾಚರಣ ವ್ಯವಸ್ಥೆ ಎನ್ನಬಹುದು. ಅದರ ಅತ್ಯಂತ ಒಳಗಿನ ಪದರವನ್ನು ಇಂಗ್ಲಿಷಿನವರು ಕರ್ನಲ್ ಎನ್ನುತ್ತಾರೆ. ಚಿಪ್ಪಿನೊಳಗಿನ ಬೀಜ, ಸಿಪ್ಪೆಯೊಳಗಿನ ಕಾಳು ಎಂಬುದು ಆ ಪದದ ಮೂಲಾರ್ಥ. ಆದುದರಿಂದ ಅದಕ್ಕೆ ನಮ್ಮ ಹಳೆಯ ‘ತಿರುಳು’ ಎಂಬ ಮಾತೇ ತಕ್ಕದ್ದು.

ಈ ತಿರುಳಿಗೆ ಉಳಿದ ಯಾವ ತಂತ್ರಾಂಶಕ್ಕೂ ಇಲ್ಲದ ಒಂದು ವಿಶೇಷಾಧಿಕಾರವಿದೆ. ಸಂಸ್ಕಾರಕದ ರಚನೆಯಲ್ಲಿಯೇ ಕನಿಷ್ಠ ಎರಡು ಅಂತಸ್ತುಗಳಿರುತ್ತವೆ. ಮೇಲಿನ ಅಂತಸ್ತಿನಲ್ಲಿ ನಡೆಯುವ ತಂತ್ರಾಂಶ ಯಂತ್ರದ ಯಾವ ಭಾಗವನ್ನಾದರೂ ಮುಟ್ಟಬಹುದು, ಅದನ್ನು ತಡೆಯುವವರಿಲ್ಲ. ಕೆಳಗಿನ ಅಂತಸ್ತಿನಲ್ಲಿ ನಡೆಯುವುದು ತನಗೆ ಕೊಟ್ಟ ಜಾಗವನ್ನು ಮೀರಿದರೆ ಒಡನೆಯೇ ಹಿಡಿಯಲ್ಪಡುತ್ತದೆ. ತಿರುಳು ನಡೆಯುವುದು ಮೇಲಿನ ಅಂತಸ್ತಿನಲ್ಲಿ. ಆದುದರಿಂದ ಪತ್ರ ಬರೆಯುವ ತಂತ್ರಾಂಶ ತಪ್ಪಿದರೆ ಒಂದು ಪತ್ರ ಕೆಟ್ಟೀತು. ತಿರುಳು ತಪ್ಪಿದರೆ ಇಡೀ ಯಂತ್ರವೇ ನಿಲ್ಲುತ್ತದೆ.

ಕುಮಟೆಯ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳನ್ನು ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಹೊಳೆಗೂ ಗದ್ದೆಗೂ ನಡುವೆ ಒಂದು ದೊಡ್ಡ ಒಡ್ಡು. ಅದರಲ್ಲಿ ನೀರನ್ನು ಬಿಡುವ, ತಡೆಯುವ ತೂಬಿನ ಬಾಗಿಲುಗಳು. ಒಳಗೆ ಹಲವು ರೈತರ ಗದ್ದೆಗಳು. ಯಾರದೋ ಒಂದು ಗದ್ದೆಯ ಅಂಚು ಕುಸಿದರೆ ಆ ಮನೆಯವರು ಸರಿಪಡಿಸಿಕೊಳ್ಳುತ್ತಾರೆ. ಹೊರಗಿನ ಒಡ್ಡೇ ಒಡೆದರೆ ಯಾವ ರೈತ ತನ್ನ ಗದ್ದೆಯನ್ನು ಎಷ್ಟು ಚೆನ್ನಾಗಿ ನೋಡಿಕೊಂಡಿದ್ದ ಎಂಬ ಪ್ರಶ್ನೆಯೇ ಉಳಿಯುವುದಿಲ್ಲ. ಉಬ್ಬರದ ಉಪ್ಪುನೀರು ಎಲ್ಲರ ಗದ್ದೆಗೂ ನುಗ್ಗುತ್ತದೆ. ಗಣಕದ ತಿರುಳು ಅಂತಹ ಹೊರ ಒಡ್ಡು. ಅದರ ಮೇಲೆ ಅನಗತ್ಯವಾದ ಭಾರವನ್ನು ಹೇರುವುದು ತರವೇ ಎಂಬುದೇ ವಾದದ ಮೂಲ.

ಈ ವಾದದ ಒಂದು ಪಕ್ಷ ಹುಟ್ಟಿದ್ದು ಡೆನ್ಮಾರ್ಕಿನಲ್ಲಿ. 1969ರಲ್ಲಿ ಅಲ್ಲಿನ ಪೆರ್ ಬ್ರಿಂಕ್ ಹಾನ್ಸೆನ್ ಎಂಬ ವಿದ್ವಾಂಸ ಆರ್‌ಸಿ 4000 ಎಂಬ ಗಣಕಕ್ಕಾಗಿ ಒಂದು ವ್ಯವಸ್ಥೆಯನ್ನು ರಚಿಸಿದ. ಎಲ್ಲ ಬಗೆಯ ಬಳಕೆದಾರರನ್ನೂ ತೃಪ್ತಿಪಡಿಸುವ ಒಂದೇ ಕಾರ್ಯಾಚರಣ ವ್ಯವಸ್ಥೆಯನ್ನು ಕಟ್ಟುವುದು ಅಸಾಧ್ಯವೆಂದು ಅವನಿಗೆ ತೋರಿತು. ಆದುದರಿಂದ ಅವನು ಒಂದು ಕಿರಿದಾದ ಬೀಜಕೇಂದ್ರವನ್ನು ಮಾತ್ರ ರಚಿಸಿ, ಅದರ ಮೇಲೆ ಯಾರು ಬೇಕಾದರೂ ತಮಗೆ ತಕ್ಕ ವ್ಯವಸ್ಥೆಯನ್ನು ಕಟ್ಟಿಕೊಳ್ಳಲಿ ಎಂದು ಬಿಟ್ಟ. ಕೆಲಸಗಳು ಪ್ರತ್ಯೇಕ ಘಟಕಗಳಾಗಿ ನಡೆಯುವವು. ಅವು ಒಂದರೊಡನೊಂದು ಸಂದೇಶಗಳ ಮೂಲಕ ಮಾತನಾಡುವವು. ಬೀಜಕೇಂದ್ರದ ಕೆಲಸ ಆ ಸಂದೇಶಗಳನ್ನು ಮುಟ್ಟಿಸುವುದು ಮತ್ತು ಸರದಿಯನ್ನು ಕಾಯುವುದು. ಇಂದು ಘಟಕಾಧಾರಿತ ವ್ಯವಸ್ಥೆ ಎಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದರ ಬೀಜ ಇಲ್ಲಿದೆ.

ನಮ್ಮ ಯಕ್ಷಗಾನ ರಂಗದ ವ್ಯವಸ್ಥೆ ಇದಕ್ಕೆ ಹತ್ತಿರವಾದುದು. ಹೊನ್ನಾವರ ತಾಲ್ಲೂಕಿನ ಕೆರೆಮನೆಯಲ್ಲಿ 1934ರಲ್ಲಿ ಶಿವರಾಮ ಹೆಗಡೆಯವರು ಕಟ್ಟಿದ ಮಂಡಳಿಯ ಆಟವನ್ನು ನೋಡಿದವರು ಭಾಗವತನ ಸ್ಥಾನವನ್ನು ಬಲ್ಲರು. ವೇಷ ಯಾವಾಗ ರಂಗಕ್ಕೆ ಬರಬೇಕು, ಎಷ್ಟು ಹೊತ್ತು ಕುಣಿಯಬೇಕು, ಮಾತು ಎಲ್ಲಿ ನಿಂತು ಪದ್ಯ ಎಲ್ಲಿ ಆರಂಭವಾಗಬೇಕು ಎಂಬುದೆಲ್ಲ ಅವನ ತಾಳದಲ್ಲಿದೆ. ಆದರೆ ಅವನು ಕೌರವನ ಅರ್ಥವನ್ನು ತಾನೇ ಹೇಳಲು ಹೋಗುವುದಿಲ್ಲ, ಬಣ್ಣ ಬಳಿಯಲು ಚೌಕಿಗೆ ಧಾವಿಸುವುದಿಲ್ಲ. ವೇಷಧಾರಿಯೊಬ್ಬ ಮಾತಿನಲ್ಲಿ ಎಡವಿದರೆ ಭಾಗವತ ಒಂದು ಪದ್ಯವನ್ನೆತ್ತಿ ಆಟವನ್ನು ಮುಂದಕ್ಕೆ ಒಯ್ಯಬಲ್ಲ. ಎಲ್ಲ ವೇಷಗಳನ್ನೂ ತಾನೇ ಹಾಕಲು ಹೊರಟ ಭಾಗವತನ ಆಟ ಎಷ್ಟು ಹೊತ್ತು ನಡೆದೀತು?

ಆದರೆ ಎರಡನೆಯ ಪಕ್ಷಕ್ಕೂ ಬಲವಾದ ಸಮರ್ಥನೆಯಿದೆ. ಒಂದು ಘಟಕ ಇನ್ನೊಂದಕ್ಕೆ ಸಂದೇಶ ಕಳುಹಿಸಬೇಕಾದರೆ ಪ್ರತಿ ಸಲವೂ ತಿರುಳಿನ ಬಾಗಿಲನ್ನು ದಾಟಬೇಕು. ಅದಕ್ಕೆ ಸಮಯ ತಗಲುತ್ತದೆ. ಎಲ್ಲವೂ ತಿರುಳಿನೊಳಗೇ ಇದ್ದರೆ ಕೆಲಸ ಬೇಗ ಆಗುತ್ತದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1985ರಲ್ಲಿ ಆರಂಭವಾದ ಮಾಕ್ ಎಂಬ ಕಿರುತಿರುಳಿನ ಯೋಜನೆ ಈ ನಿಧಾನಗತಿಯಿಂದಲೇ ಅಪಕೀರ್ತಿಗೆ ಒಳಗಾಯಿತು. 1992ರ ಜನವರಿಯಲ್ಲಿ ಹಾಲೆಂಡಿನ ಪ್ರಾಧ್ಯಾಪಕ ಆಂಡ್ರ್ಯೂ ಟ್ಯಾನೆನ್‌ಬಾಮ್ ಅವರಿಗೂ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್‌ಗೂ ಈ ವಿಷಯದಲ್ಲಿ ನಡೆದ ಬಹಿರಂಗ ವಾಗ್ವಾದ ಇಂದಿಗೂ ಪ್ರಸಿದ್ಧ. ಪ್ರಾಧ್ಯಾಪಕರು ಕಿರುತಿರುಳಿನ ಪರ. ವಿದ್ಯಾರ್ಥಿ ಹಿಂದಿನ ವರ್ಷವಷ್ಟೇ ಲಿನಕ್ಸ್ ಎಂಬ ಹಿರಿತಿರುಳಿನ ವ್ಯವಸ್ಥೆಯನ್ನು ಬರೆದಿದ್ದ. ಲೋಕ ಆ ವಿದ್ಯಾರ್ಥಿಯನ್ನು ಹಿಂಬಾಲಿಸಿತು. ಆಂಡ್ರಾಯ್ಡ್ ಫೋನುಗಳಲ್ಲೆಲ್ಲ ಇಂದು ಇರುವುದು ಲಿನಕ್ಸ್ ತಿರುಳೇ. ಅದರ ಬರಹ ಮೂರು ಕೋಟಿ ಸಾಲುಗಳನ್ನು ಮೀರಿ ಬೆಳೆದಿದೆ. ಅಷ್ಟೂ ಒಂದೇ ಯಂತ್ರದಲ್ಲಿ ನಡೆಯುವುದಿಲ್ಲ, ಬಹುಪಾಲು ಬೇರೆ ಬೇರೆ ಉಪಕರಣಗಳಿಗಾಗಿ ಬರೆದದ್ದು ಎಂಬುದು ನಿಜ. ಆದರೂ ನಡೆಯುವಷ್ಟು ಭಾಗ ನಡೆಯುವುದು ವಿಶೇಷಾಧಿಕಾರದ ಅಂತಸ್ತಿನಲ್ಲಿಯೇ.

ವೇಗದ ಆಕ್ಷೇಪಕ್ಕೆ ಉತ್ತರ ಕೊಟ್ಟವನು ಜರ್ಮನಿಯ ಯೋಖೆನ್ ಲೀಡ್ಕೆ. 1993ರಲ್ಲಿ ಅವನು ಸಂದೇಶ ಮುಟ್ಟಿಸುವ ಕೆಲಸವನ್ನು ಮಾಕ್‌ಗಿಂತ ಸುಮಾರು ಇಪ್ಪತ್ತು ಪಟ್ಟು ವೇಗವಾಗಿ ಮಾಡಿ ತೋರಿಸಿದ. ನಿಧಾನಕ್ಕೆ ಕಾರಣ ಕಿರುತಿರುಳು ಎಂಬ ತತ್ತ್ವವಲ್ಲ, ಅದನ್ನು ಕಟ್ಟಿದ ರೀತಿ ಎಂಬುದು ಇದರಿಂದ ಸಿದ್ಧವಾಯಿತು. ತಿರುಳಿನಲ್ಲಿ ಏನಿರಬೇಕು ಎಂಬುದಕ್ಕೆ 1995ರಲ್ಲಿ ಅವನು ಕೊಟ್ಟ ಸೂತ್ರ ನಮ್ಮ ವ್ಯಾಕರಣಕಾರರ ಸೂತ್ರಗಳಂತೆ ಬಿಗಿಯಾದುದು. ಯಾವುದನ್ನು ಹೊರಗಿಟ್ಟರೆ ವ್ಯವಸ್ಥೆಯ ಅಗತ್ಯವಾದ ಕೆಲಸವೇ ನಡೆಯದೋ ಅದಕ್ಕೆ ಮಾತ್ರ ತಿರುಳಿನಲ್ಲಿ ಸ್ಥಳ ಎಂಬುದು ಅದರ ತಾತ್ಪರ್ಯ. ಹೊರಗಿದ್ದೂ ನಡೆಯುವಂಥದ್ದು ಹೊರಗೇ ಇರಬೇಕು. ಅವನ ಎಲ್4 ತಿರುಳು 12 ಕಿಲೋಬೈಟುಗಳಷ್ಟು ಮಾತ್ರ. ನಾನು ಈಗ ಓದುತ್ತಿರುವ ಈ ಭಾಷಣವನ್ನು ಗಣಕದಲ್ಲಿ ಕೂಡಿಡಲು ಅದಕ್ಕಿಂತ ಹೆಚ್ಚು ಜಾಗ ಬೇಕು.

ಕಿರಿದಾದುದರಿಂದ ಇನ್ನೊಂದು ಲಾಭವಿದೆ: ಕಿರಿದಾದುದನ್ನು ಪೂರ್ತಿಯಾಗಿ ಪರೀಕ್ಷಿಸಬಹುದು. 2009ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಎಲ್4 ವಂಶದ ಎಸ್‌ಇಎಲ್4 ಎಂಬ ತಿರುಳು ತನ್ನ ಲಕ್ಷಣವಾಕ್ಯಕ್ಕೆ ಸರಿಯಾಗಿಯೇ ನಡೆಯುತ್ತದೆ ಎಂದು ಗಣಿತದ ರೀತಿಯಲ್ಲಿ ಸಾಧಿಸಲಾಯಿತು. ಸಿ ಭಾಷೆಯಲ್ಲಿ ಅದರ ಬರಹ ಸುಮಾರು 8,700 ಸಾಲು. ಅದಕ್ಕೆ ಬೇಕಾದ ಸಾಧನೆ ಸುಮಾರು ಎರಡು ಲಕ್ಷ ಸಾಲು. ಮೂಲ ಕಿರಿದು, ಭಾಷ್ಯ ಹಿರಿದು. ಮೂರು ಕೋಟಿ ಸಾಲುಗಳ ಮೂಲಕ್ಕೆ ಇಂತಹ ಭಾಷ್ಯ ಬರೆಯುವವರು ಯಾರು?

ಕಿರಿದಾದ ತಿರುಳಿನ ಮೇಲೆ ಮನೆಯನ್ನು ಹೇಗೆ ಕಟ್ಟುವುದು ಎಂಬುದಕ್ಕೆ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಹುಟ್ಟಿದ ಜೆನೋಡ್ ಎಂಬ ಘಟಕಾಧಾರಿತ ವ್ಯವಸ್ಥೆ ಒಳ್ಳೆಯ ನಿದರ್ಶನ. ಅದು 2008ರಲ್ಲಿ ಸಾರ್ವಜನಿಕವಾಗಿ ಪ್ರಕಟವಾಯಿತು. ಅದರಲ್ಲಿ ತಿರುಳಿಗೆ ಅಂಟಿಕೊಂಡ ಮೊದಲ ಪದರಕ್ಕೆ ಕೋರ್ ಎಂದೇ ಹೆಸರು, ಗರ್ಭಪದರವೆನ್ನೋಣ. ಯಂತ್ರದ ಒಟ್ಟು ನೆನಪು, ಕಾಲ, ಉಪಕರಣಗಳ ಕೀಲಿಗಳು, ಇವೆಲ್ಲವೂ ಆರಂಭದಲ್ಲಿ ಗರ್ಭಪದರದ ಕೈಯಲ್ಲಿರುತ್ತವೆ. ಅದು ಇವನ್ನು ಬಳಸಿ ತಾನೇ ಏನನ್ನೂ ಮಾಡುವುದಿಲ್ಲ. ಕಡತಗಳನ್ನು ಇಡುವುದು, ಪರದೆಯ ಮೇಲೆ ಚಿತ್ರ ಬರೆಯುವುದು, ದೂರದ ಯಂತ್ರಗಳೊಡನೆ ಮಾತನಾಡುವುದು, ಇವು ಯಾವುವೂ ಅದಕ್ಕೆ ತಿಳಿಯವು. ಅದು ಒಂದೇ ಒಂದು ಮಗುವನ್ನು ಹುಟ್ಟಿಸಿ ಸಂಪತ್ತನ್ನು ಅದರ ವಶಕ್ಕೆ ಕೊಡುತ್ತದೆ. ಆ ಮಗು ತನ್ನ ಪಾಲಿನಿಂದ ಭಾಗ ಮಾಡಿ ತನ್ನ ಮಕ್ಕಳಿಗೆ ಕೊಡುತ್ತದೆ. ಅವು ತಮ್ಮ ಮಕ್ಕಳಿಗೆ. ಹೀಗೆ ಒಂದು ವಂಶವೃಕ್ಷವೇ ಬೆಳೆಯುತ್ತದೆ. ತಂದೆಯ ಬಳಿ ಇಲ್ಲದ್ದನ್ನು ಮಗ ಪಡೆಯಲಾರ. ತಂದೆ ಕೊಡದ ಹಕ್ಕನ್ನು ಮಗ ಕಸಿದುಕೊಳ್ಳಲಾರ.

ಇಲ್ಲಿನ ಹಕ್ಕಿನ ಕಲ್ಪನೆಯೂ ಗಮನಾರ್ಹವಾದುದು. ನಮ್ಮ ಮನೆಗಳಲ್ಲಿರುವ ಸಾಮಾನ್ಯ ಗಣಕದಲ್ಲಿ ನಾವು ಯಾವುದಾದರೂ ತಂತ್ರಾಂಶವನ್ನು ನಡೆಸಿದರೆ ಅದು ಬಹುಮಟ್ಟಿಗೆ ನಮ್ಮ ಎಲ್ಲ ಅಧಿಕಾರವನ್ನೂ ಹೊತ್ತು ನಡೆಯುತ್ತದೆ. ಮಕ್ಕಳ ಆಟದ ತಂತ್ರಾಂಶವೊಂದು ಮನಸ್ಸು ಮಾಡಿದರೆ ನಮ್ಮ ಪತ್ರಗಳನ್ನೆಲ್ಲ ಓದಬಹುದು. ಘಟಕಾಧಾರಿತ ವ್ಯವಸ್ಥೆಯಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಹಕ್ಕುಪತ್ರವಿರುತ್ತದೆ. ಅದು ಕೈಯಲ್ಲಿಲ್ಲದ ಘಟಕಕ್ಕೆ ಆ ವಸ್ತುವನ್ನು ಮುಟ್ಟುವುದಿರಲಿ, ಹೆಸರಿಟ್ಟು ಕರೆಯುವುದೂ ಸಾಧ್ಯವಿಲ್ಲ. ಒಂದು ಘಟಕ ಇನ್ನೊಂದರಿಂದ ಕೆಲಸ ಮಾಡಿಸಿಕೊಳ್ಳಬೇಕಾದರೆ ಅದಕ್ಕೆ ಬೇಕಾದ ನೆನಪಿನ ಜಾಗವನ್ನೂ ತಾನೇ ಕೊಡಬೇಕು. ನಾವು ನಮ್ಮ ಭತ್ತವನ್ನು ಒಯ್ದು ಗಿರಣಿಯಲ್ಲಿ ಅಕ್ಕಿ ಮಾಡಿಸಿಕೊಂಡು ಬಂದಂತೆ. ಎಷ್ಟು ಜನ ಬಂದರೂ ಗಿರಣಿಯವನ ಕಣಜ ಬರಿದಾಗುವುದಿಲ್ಲ.

ಇದೆಲ್ಲ ಪಂಡಿತರ ಚರ್ಚೆಯಾಯಿತು, ನಮಗೇನು ಎಂದು ನೀವು ಕೇಳಬಹುದು. ಎರಡು ಘಟನೆಗಳನ್ನು ಹೇಳುತ್ತೇನೆ. 2024ರ ಜುಲೈ 19ರಂದು ಪ್ರಪಂಚದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಗಣಕಗಳು ಒಮ್ಮೆಗೇ ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ವಿಮಾನ ನಿಲ್ದಾಣಗಳು, ಆಸ್ಪತ್ರೆಗಳು, ಬ್ಯಾಂಕುಗಳು ತಬ್ಬಿಬ್ಬಾದವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಚೀಟಿ ಕೊಟ್ಟು ಕಳುಹಿಸಬೇಕಾಯಿತು. ಕಾರಣವಾದುದು ಶತ್ರುವಿನ ದಾಳಿಯಲ್ಲ, ದಾಳಿಯಿಂದ ಕಾಪಾಡಲೆಂದು ಹಾಕಿಕೊಂಡಿದ್ದ ಕ್ರೌಡ್‌ಸ್ಟ್ರೈಕ್ ಎಂಬ ಕಾವಲು ತಂತ್ರಾಂಶ. ಅದಕ್ಕೆ ಬಂದ ಹೊಸ ಸೂಚನೆಯ ಕಡತ 21 ಅಂಶಗಳನ್ನು ಅಪೇಕ್ಷಿಸುತ್ತಿತ್ತು. ತಂತ್ರಾಂಶ ಒದಗಿಸಿದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ ಅದು ತನ್ನದಲ್ಲದ ಜಾಗಕ್ಕೆ ಕೈಹಾಕಿತು. ಇದೇ ತಪ್ಪು ಕೆಳಗಿನ ಅಂತಸ್ತಿನಲ್ಲಿ ನಡೆದಿದ್ದರೆ ಆ ಒಂದು ತಂತ್ರಾಂಶ ನಿಲ್ಲುತ್ತಿತ್ತು, ಅಷ್ಟೆ. ಆದರೆ ಕಾವಲುಗಾರ ತಿರುಳಿನೊಳಗೆ ಕುಳಿತಿದ್ದ. ಒಡ್ಡೇ ಒಡೆಯಿತು. ಸಾವಿರಾರು ಕಚೇರಿಗಳಲ್ಲಿ ಒಂದೊಂದು ಯಂತ್ರದ ಮುಂದೆಯೂ ಮನುಷ್ಯರು ಕುಳಿತು ಆ ಕಡತವನ್ನು ಕಿತ್ತುಹಾಕಬೇಕಾಯಿತು. ಕಾವಲು ತಂತ್ರಾಂಶಗಳು ತಿರುಳಿನ ಹೊರಗಿದ್ದೇ ಕೆಲಸ ಮಾಡುವಂತಹ ವ್ಯವಸ್ಥೆಯನ್ನು ರೂಪಿಸುವುದಾಗಿ ಮೈಕ್ರೋಸಾಫ್ಟ್ ಸಂಸ್ಥೆ ಆನಂತರ ಪ್ರಕಟಿಸಿತು.

ಎರಡನೆಯದು ಅಕ್ಷರಗಳಿಗೇ ಸಂಬಂಧಿಸಿದ್ದು. ಅದೇ ಸಂಸ್ಥೆ 1993ರಲ್ಲಿ ಹೊರತಂದ ವಿಂಡೋಸ್ ಎನ್‌ಟಿಯಲ್ಲಿ ಪರದೆಯ ಮೇಲೆ ಚಿತ್ರ ಮತ್ತು ಅಕ್ಷರಗಳನ್ನು ಬರೆಯುವ ಕೆಲಸ ತಿರುಳಿನ ಹೊರಗಿತ್ತು. ವೇಗ ಸಾಲದೆಂದು 1996ರ ಆವೃತ್ತಿಯಲ್ಲಿ ಅದನ್ನು ತಿರುಳಿನೊಳಕ್ಕೆ ತಂದರು. ಅಕ್ಷರದ ಅಚ್ಚುಗಳನ್ನು, ಅಂದರೆ ಫಾಂಟುಗಳನ್ನು, ಓದಿ ಅರ್ಥಮಾಡಿಕೊಳ್ಳುವ ಕೆಲಸವೂ ಒಳಗೆ ಬಂತು. ಹದಿನೈದು ವರ್ಷಗಳ ಮೇಲೆ, 2011ರಲ್ಲಿ, ಡೂಕು ಎಂಬ ಗೂಢಚಾರ ತಂತ್ರಾಂಶ ಬೆಳಕಿಗೆ ಬಂತು. ಅದು ಒಂದು ಸಾಮಾನ್ಯ ಪತ್ರದ ರೂಪದಲ್ಲಿ ಬರುತ್ತಿತ್ತು. ಪತ್ರದೊಳಗೆ ಒಂದು ಕಪಟ ಫಾಂಟು. ಅಕ್ಷರದ ಆಕಾರವನ್ನು ಬಿಡಿಸಲು ಹೋದ ತಿರುಳು ಆ ಕಪಟಕ್ಕೆ ಸಿಕ್ಕಿ ಇಡೀ ಯಂತ್ರದ ಕೀಲಿಕೈಯನ್ನೇ ಕಳ್ಳನಿಗೆ ಒಪ್ಪಿಸುತ್ತಿತ್ತು. ಮುಂದೆ ವಿಂಡೋಸ್ 10ರಲ್ಲಿ ಫಾಂಟು ಓದುವ ಕೆಲಸವನ್ನು ಮತ್ತೆ ಹೊರಕ್ಕೆ, ಹೆಚ್ಚು ಹಕ್ಕುಗಳಿಲ್ಲದ ಒಂದು ಕೋಣೆಗೆ ಕಳುಹಿಸಿದರು. ಅಕ್ಷರಗಳಿಗೆ ಗರ್ಭಗುಡಿಯಲ್ಲಿ ಸ್ಥಾನ ಕೊಟ್ಟದ್ದು ಗೌರವದಂತೆ ಕಂಡರೂ ಅಪಾಯಕಾರಿಯಾಗಿತ್ತು.

ಹಾಗಾದರೆ ಕನ್ನಡದ ಅಕ್ಷರಗಳಿಗೆ ಯಂತ್ರದಲ್ಲಿ ಯಾವ ಸ್ಥಾನ? ನಮ್ಮ ಲಿಪಿಯ ಸ್ವಭಾವವನ್ನು ನೆನೆಯಿರಿ. ‘ಸ್ತ್ರೀ’ ಎಂಬ ಒಂದು ಅಕ್ಷರ ಕಣ್ಣಿಗೆ ಒಂದೇ. ಯೂನಿಕೋಡ್ ಎಂಬ ಸಾರ್ವತ್ರಿಕ ಸಂಕೇತ ಪದ್ಧತಿಯಲ್ಲಿ ಅದು ಆರು ಸಂಕೇತಗಳು: ಸಕಾರ, ಒಂದು ವಿರಾಮಚಿಹ್ನೆ, ತಕಾರ, ಮತ್ತೊಂದು ವಿರಾಮಚಿಹ್ನೆ, ರಕಾರ, ಈಕಾರದ ಗುಣಿತ. ಈ ಆರನ್ನು ಕೂಡಿಸಿ, ಒತ್ತುಗಳನ್ನು ತಕ್ಕ ಸ್ಥಳದಲ್ಲಿಟ್ಟು ಒಂದು ರೂಪಕ್ಕೆ ತರುವುದು ಲಿಪಿಯನ್ನು ಬಲ್ಲ ಒಂದು ಘಟಕದ ಕೆಲಸ. ಭಟ್ಕಳದ ಪೇಟೆಯಲ್ಲಿ ಒಂದು ಸುತ್ತು ಹಾಕಿ ನೋಡಿ: ಕನ್ನಡ, ಕೊಂಕಣಿ, ನವಾಯತಿ, ಉರ್ದು, ಎಲ್ಲವೂ ಕಿವಿಗೆ ಬೀಳುತ್ತವೆ. ಎಡದಿಂದ ಬಲಕ್ಕೆ ಸಾಗುವ ಲಿಪಿ, ಬಲದಿಂದ ಎಡಕ್ಕೆ ಸಾಗುವ ಲಿಪಿ ಎರಡೂ ಕಣ್ಣಿಗೆ ಬೀಳುತ್ತವೆ. ಇವುಗಳ ವ್ಯಾಕರಣವನ್ನೆಲ್ಲ ತಿರುಳಿಗೆ ಕಲಿಸಲು ಹೊರಟರೆ ಅದು ತಿರುಳಾಗಿ ಉಳಿಯುವುದಿಲ್ಲ.

ಲಿಪಿಯ ಘಟಕವೂ ತಪ್ಪಬಹುದು ಎಂಬುದಕ್ಕೆ ನಮ್ಮ ಸೋದರ ಲಿಪಿಯ ಒಂದು ನಿದರ್ಶನವಿದೆ. 2018ರ ಫೆಬ್ರುವರಿಯಲ್ಲಿ ತೆಲುಗಿನ ‘ಜ್ಞಾ’ ಎಂಬ ಅಕ್ಷರದ ಒಂದು ವಿಶಿಷ್ಟ ಸಂಕೇತಕ್ರಮ ಬಂದರೆ ಆಪಲ್ ಫೋನುಗಳಲ್ಲಿ ಅದನ್ನು ತೋರಿಸಲು ಹೋದ ತಂತ್ರಾಂಶ ಕುಸಿದು ಬೀಳುತ್ತಿತ್ತು. ಸೂಚನೆಯ ರೂಪದಲ್ಲಿ ಬಂದರೆ ಮುಖಪರದೆಯೇ ಕುಸಿಯುತ್ತಿತ್ತು. ಜ್ಞಾನದ ಮೊದಲ ಅಕ್ಷರವೇ ಯಂತ್ರವನ್ನು ಮೂರ್ಛೆಗೊಳಿಸಿದುದು ವಿಚಿತ್ರ. ಆ ತಿಂಗಳೇ ದೋಷ ಪರಿಹಾರವಾಯಿತು. ಘಟಕಗಳಾಗಿ ವಿಭಜಿಸಿದ ಮಾತ್ರಕ್ಕೆ ತಪ್ಪುಗಳು ಇಲ್ಲವಾಗುವುದಿಲ್ಲ ಎಂಬುದನ್ನು ನಾವು ಇಲ್ಲಿ ಒಪ್ಪಬೇಕು. ತಪ್ಪಿಗೆ ಒಂದು ಎಲ್ಲೆ ಸಿಗುತ್ತದೆ. ಆ ಎಲ್ಲೆಯನ್ನು ಎಲ್ಲಿ ಎಳೆಯಬೇಕೆಂಬ ವಿವೇಕವನ್ನು ಮನುಷ್ಯರೇ ತರಬೇಕು.

ಇನ್ನು ತಿರುಳಿನ ಅಜ್ಞಾನದ ವಿಷಯ. ಲಿನಕ್ಸ್ ತಿರುಳಿಗೆ ಕನ್ನಡ ಬಾರದು, ಇಂಗ್ಲಿಷೂ ಬಾರದೆನ್ನಬಹುದು. ಕಡತದ ಹೆಸರು ಅದಕ್ಕೆ ಬರಿಯ ಬೈಟುಗಳ ಸಾಲು. ಅದರಿಂದಲೇ ನಾವು ನಮ್ಮ ಕಡತಕ್ಕೆ ಕನ್ನಡದಲ್ಲಿ ಹೆಸರಿಡಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯುಟಿಎಫ್-8 ಎಂಬ ಬರಹದ ಕ್ರಮ ಇದನ್ನು ಸಾಧ್ಯಗೊಳಿಸಿತು. ಇದು ಅಜ್ಞಾನದ ಲಾಭ. ಆದರೆ ಹೆಸರಿಗೆ 255 ಬೈಟುಗಳ ಮಿತಿಯಿದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಕನ್ನಡದ ಒಂದು ಸಂಕೇತಕ್ಕೆ ಮೂರು ಬೇಕು. ಅವರಿಗೆ 255 ಅಕ್ಷರಗಳ ಹೆಸರು, ನಮಗೆ 85 ಸಂಕೇತಗಳದು. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ 18 ಬೈಟು. ತಿರುಳು ಪಕ್ಷಪಾತಿಯಲ್ಲದಿದ್ದರೂ ಅದರ ಅಳತೆಗೋಲು ಯಾರ ಕೈಯಲ್ಲಿ ಸಿದ್ಧವಾಯಿತೋ ಅವರ ಗುರುತು ಅದರ ಮೇಲೆ ಉಳಿದಿದೆ.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರವಾದುದು. ಲಿನಕ್ಸಿನಲ್ಲಿ ಯಂತ್ರ ಚಾಲೂ ಆಗುವಾಗ, ಅಥವಾ ಕೆಟ್ಟು ನಿಂತಾಗ, ಸಂದೇಶಗಳನ್ನು ತೋರಿಸುವ ಪಠ್ಯಪರದೆ ತಿರುಳಿನೊಳಗೇ ಇದೆ. ಅದರ ಬಳಿ ಇರುವುದು ಹೆಚ್ಚೆಂದರೆ 512 ಅಚ್ಚುಗಳು. ಅವುಗಳನ್ನು ಕೂಡಿಸುವ ವಿದ್ಯೆ ಅದಕ್ಕೆ ತಿಳಿಯದು. ಆದುದರಿಂದ ಅಲ್ಲಿ ಕನ್ನಡ ಸಾಧ್ಯವೇ ಇಲ್ಲ. ಯಂತ್ರ ಸುಖವಾಗಿರುವಾಗ ಕನ್ನಡ ನುಡಿಯುತ್ತದೆ. ಕಷ್ಟದಲ್ಲಿರುವಾಗ ಇಂಗ್ಲಿಷಿನಲ್ಲಿ ನರಳುತ್ತದೆ. ಮನುಷ್ಯರಾದ ನಮ್ಮದು ಇದಕ್ಕೆ ವಿರುದ್ಧ. ನೋವಾದಾಗ ಬಾಯಿಗೆ ಬರುವುದು ತಾಯ್ನುಡಿ. ಪಠ್ಯಪರದೆಯನ್ನು ತಿರುಳಿನಿಂದ ಹೊರತಂದು ಒಂದು ಘಟಕವನ್ನಾಗಿ ಮಾಡಿದರೆ ಅದಕ್ಕೆ ಕನ್ನಡ ಕಲಿಸಬಹುದು. ತಿರುಳು ಕಿರಿದಾದಷ್ಟೂ ಕನ್ನಡಕ್ಕೆ ಅವಕಾಶ ಹಿರಿದಾಗುತ್ತದೆ ಎಂಬುದು ಇಂದಿನ ನನ್ನ ಮಾತಿನ ಸಾರ.

ಕಳೆದ ನಲವತ್ತು ವರ್ಷಗಳ ಇತಿಹಾಸ ಇದನ್ನೇ ಹೇಳುತ್ತದೆ. 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ರೂಪುಗೊಂಡು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನದಲ್ಲಿ ಭಾರತೀಯ ಲಿಪಿಗಳು ಗಣಕದೊಳಗೆ ಸಿಕ್ಕಿಸುವ ಒಂದು ಪ್ರತ್ಯೇಕ ಹಲಗೆಯಲ್ಲಿದ್ದವು. ಕನ್ನಡ ಅತಿಥಿಯಾಗಿ ಬಂದು ಪಡಸಾಲೆಯಲ್ಲಿ ಕುಳಿತಿತ್ತು. 1991ರ ಅಕ್ಟೋಬರಿನಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ದೊರೆಯಿತು. ಆದರೆ ವಿಂಡೋಸ್‌ನೊಳಗೆ ಆ ಸಂಕೇತಗಳನ್ನು ಕೂಡಿಸಿ ಬರೆಯುವ ಘಟಕ ಮತ್ತು ತುಂಗಾ ಎಂಬ ಫಾಂಟು ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ಹತ್ತು ವರ್ಷ ಕಾದೆವು. ಬೀಗ ಹಾಕಿದ ಮನೆಯ ಯಜಮಾನ ಬಾಗಿಲು ತೆಗೆಯುವವರೆಗೆ ಕಾಯದೆ ಗತಿಯಿರಲಿಲ್ಲ. ಕಾಯಲಾರದವರು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಅಚ್ಚುಗಳನ್ನು ಕೂರಿಸಿದರು. ಅಂದಿನ ಕೆಲಸ ನಡೆಯಿತು. ಪುಸ್ತಕಗಳು, ಪತ್ರಿಕೆಗಳು ಅಚ್ಚಾದವು. ಆದರೆ ಆ ಕಡತಗಳನ್ನು ಅದೇ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ತಾಳೆಗರಿಯನ್ನು ಇನ್ನೂರು ವರ್ಷಗಳ ಮೇಲೂ ಓದಬಹುದು. ಇಪ್ಪತ್ತು ವರ್ಷದ ಹಿಂದಿನ ಕಡತವನ್ನು ಓದಲು ಪರಿವರ್ತಕ ಬೇಕು.

ಇದರ ನಡುವೆ ಎದೆಗೆ ಸಮಾಧಾನ ತರುವ ಕೆಲಸವೂ ನಡೆದಿದೆ. ಮಂಗಳೂರು ಕಡೆಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಕನ್ನಡದ ಧ್ವನಿಕ್ರಮವನ್ನು ಅನುಸರಿಸಿ ಒಂದು ಕೀಲಿಮಣೆಯ ವಿನ್ಯಾಸವನ್ನು ರೂಪಿಸಿದರು. ನಾಡಿನ ಸರ್ಕಾರ ಒಪ್ಪಿಕೊಂಡ ವಿನ್ಯಾಸಕ್ಕೆ ಅದೇ ಆಧಾರ. ಶೇಷಾದ್ರಿವಾಸು ಅವರು 1998ರಲ್ಲಿ ‘ಬರಹ’ ತಂತ್ರಾಂಶವನ್ನು ಹೊರತಂದರು. ಇವರಾರೂ ಯಂತ್ರದ ತಿರುಳನ್ನು ಮುಟ್ಟಿದವರಲ್ಲ, ಮುಟ್ಟಬೇಕಾಗಿಯೂ ಇರಲಿಲ್ಲ. ಹೊರಗಿನ ಒಂದು ಘಟಕವನ್ನು ಬದಲಾಯಿಸುವ ಸ್ವಾತಂತ್ರ್ಯ ಎಲ್ಲಿ ದೊರೆಯಿತೋ ಅಲ್ಲಿ ಕನ್ನಡಿಗರು ತಮ್ಮ ಕೆಲಸವನ್ನು ತಾವೇ ಮಾಡಿಕೊಂಡರು. ಇಂದು ಆಂಡ್ರಾಯ್ಡ್ ಫೋನುಗಳಲ್ಲಿಯೂ ಮುಖ್ಯ ಜಾಲವೀಕ್ಷಕಗಳಲ್ಲಿಯೂ ಕನ್ನಡವನ್ನು ಕೂಡಿಸಿ ಬರೆಯುತ್ತಿರುವ ಹಾರ್ಫ್‌ಬಜ್ ಎಂಬ ಘಟಕ ಮುಕ್ತವಾದುದು. ಅದರಲ್ಲಿ ಒಂದು ಒತ್ತಕ್ಷರ ತಪ್ಪಾಗಿ ಕುಳಿತರೆ ಜಾಲಿಯ ಒಬ್ಬ ವಿದ್ಯಾರ್ಥಿನಿಯೂ ಅದನ್ನು ತೆರೆದು ಓದಿ, ತಿದ್ದಿ, ಕಳುಹಿಸಬಹುದು.

ನಮ್ಮ ತಾಲ್ಲೂಕು ಕಚೇರಿಯ ದಾಖಲೆಗಳು, ಆಸ್ಪತ್ರೆಯ ಚೀಟಿಗಳು, ಬ್ಯಾಂಕಿನ ಲೆಕ್ಕಗಳು ಈಗ ಯಂತ್ರದೊಳಗಿವೆ. ಆ ಯಂತ್ರಗಳನ್ನು ಕೊಳ್ಳುವ ಸರ್ಕಾರ ಮತ್ತು ಸಂಸ್ಥೆಗಳು ಅಕ್ಷರಗಳು ಚೆನ್ನಾಗಿ ಕಾಣುತ್ತವೆಯೇ ಎಂದು ಕೇಳಿದರೆ ಸಾಲದು. ತಿರುಳಿನೊಳಗೆ ಯಾರು ಯಾರು ಕುಳಿತಿದ್ದಾರೆ, ಅವರು ಅಲ್ಲಿರಲೇಬೇಕೇ, ಅವರು ಎಡವಿದರೆ ನಮ್ಮ ಗತಿಯೇನು ಎಂದೂ ಕೇಳಬೇಕು. ಕನ್ನಡದ ಘಟಕವನ್ನು ತಿದ್ದುವ ಹಕ್ಕು ಕನ್ನಡಿಗರಿಗಿದೆಯೇ ಎಂದು ಕೇಳಬೇಕು. ಇವು ಯಂತ್ರಶಾಸ್ತ್ರಜ್ಞರಿಗೆ ಮಾತ್ರ ಬಿಡಬೇಕಾದ ಪ್ರಶ್ನೆಗಳಲ್ಲ.

ತಿರುಳು ಚಿಕ್ಕದಾಗಿದ್ದು, ತನ್ನ ಮಿತಿಯನ್ನರಿತು, ಸರದಿಯನ್ನೂ ಎಲ್ಲೆಯನ್ನೂ ನಿಷ್ಪಕ್ಷಪಾತವಾಗಿ ಕಾಯಲಿ. ಅದರ ಸುತ್ತಲ ವಿಶಾಲವಾದ ಬಯಲಿನಲ್ಲಿ ನಾನಾ ನುಡಿಗಳು ತಮ್ಮ ತಮ್ಮ ಮನೆಯನ್ನು ತಾವೇ ಕಟ್ಟಿಕೊಳ್ಳಲಿ. ತಿರುಳಿನಿಂದ ದೂರವಿದ್ದೂ ಕನ್ನಡವನ್ನು ಕನ್ನಡವಾಗಿಯೇ ಬಾಳಿಸಿಕೊಂಡು ಬಂದ ಈ ಕರಾವಳಿಯ ಜನಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಾರದು.